ಕೆಂಪು ಗಾಜಿಗೆ ಕಾಣದ ಕಪ್ಪು

ನಾನು ಒಂದು ಕೆಂಪು ಗಾಜಿನ ಚೂರು. ಮೂರು ಬೆರಳು ಅಗಲ, ಅಷ್ಟೇ. ಹೊಸಪೇಟೆಯ ಇಮಾಮ್ ಸಾಬರ ಫೋಟೋ ಸ್ಟುಡಿಯೋದ ಕತ್ತಲ ಕೋಣೆಯಲ್ಲಿ ದೀಪಕ್ಕೆ ಮುಚ್ಚಿದ್ದ ದೊಡ್ಡ ಗಾಜು ನನ್ನ ತಾಯಿ. ಫೋಟೋ ತೊಳೆಯುವ ಕಾಲ ಮುಗಿದು ಸಾಬರು ಕೋಣೆ ಖಾಲಿ ಮಾಡುವಾಗ ಆ ದೀಪ ಕೈಜಾರಿತು. ಅವಳು ಒಡೆದಳು, ನಾನು ಹುಟ್ಟಿದೆ. ಸಾಬರು ನನ್ನ ಅಂಚನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿ, ಗೆಳೆಯ ಎರ್ರಿಸ್ವಾಮಿಯ ಅಂಗೈಯಲ್ಲಿಟ್ಟರು.

ಎರ್ರಿಸ್ವಾಮಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ನನ್ನನ್ನು ಕಣ್ಣಿಗೆ ಹಿಡಿದರೆ ಬಣ್ಣಗಳೆಲ್ಲ ಸತ್ತು ಬೆಳಕು, ನೆರಳು ಎರಡೇ ಉಳಿಯುತ್ತವೆ ಎಂದು ಅವರಿಗೆ ಗೊತ್ತಿತ್ತು. ಹೊಳೆದಂಡೆಯಲ್ಲಿ ಕೂತು ಒಂದು ಕಣ್ಣು ಮುಚ್ಚಿ ನನ್ನೊಳಗಿಂದ ನೋಡುತ್ತಿದ್ದರು. ಆಮೇಲೆ ಇದ್ದಿಲು ಕಡ್ಡಿ ಹಿಡಿಯುತ್ತಿದ್ದರು. ದೂರದ ಗುಡ್ಡ ತೆಳು ಬೂದಿ, ನಡುವಿನ ತೋಪು ಅದಕ್ಕಿಂತ ಗಾಢ, ಹತ್ತಿರದ ಬಂಡೆಯ ಸಂದು ಕಡುಕಪ್ಪು. ಚಪ್ಪಟೆ ಕಾಗದ ಹರದಾರಿಗಟ್ಟಲೆ ಆಳವಾಗುತ್ತಿತ್ತು. ಬರೀ ಗೆರೆ ಎಳೆದರೆ ಗುಡ್ಡ ನಿಲ್ಲುವುದಿಲ್ಲ, ಕಪ್ಪು ಎಲ್ಲಿದೆ ಎಂದು ಮೊದಲು ಹುಡುಕಿ ಎಂದು ಮಕ್ಕಳಿಗೆ ಹೇಳುತ್ತಿದ್ದರು. ಹುಡುಕಿಕೊಡುತ್ತಿದ್ದವನು ನಾನು. ಆರು ವರ್ಷ ನಾನು ಒಮ್ಮೆಯೂ ತಪ್ಪಲಿಲ್ಲ.

ಆಮೇಲೆ ಮೇಷ್ಟ್ರಿಗೆ ಗಣಿ ಊರಿಗೆ ವರ್ಗವಾಯಿತು. ಅಲ್ಲಿ ರಸ್ತೆ, ಮರ, ನಾಯಿ, ಒಣಹಾಕಿದ ಬಟ್ಟೆ ಎಲ್ಲವೂ ಕೆಂಪು. ಗಣಿಯಿಂದ ತೋಡಿ ಸುರಿದ ಮಣ್ಣು ಇನ್ನೊಂದು ಗುಡ್ಡವಾಗಿತ್ತು. ಅದರ ಬುಡದಲ್ಲಿ ಅದಿರು ಒಡೆಯುವವರ ಟೆಂಟುಗಳು. ಮೇಷ್ಟ್ರು ಶಾಲೆಯ ಜಗಲಿಯಿಂದ ದಿನವೂ ಆ ಗುಡ್ಡ ಬರೆದರು. ಚಿತ್ರ ಯಾಕೋ ಎದ್ದು ನಿಲ್ಲುತ್ತಿರಲಿಲ್ಲ. ಗುಡ್ಡ ತೊಳೆದಿಟ್ಟ ಹಾಗೆ ಬೆಳ್ಳಗೆ ಬರುತ್ತಿತ್ತು. ಅವರು ತಮ್ಮ ಕೈಯನ್ನು ಬೈದುಕೊಂಡರು. ನನ್ನನ್ನು ಅನುಮಾನಿಸಲಿಲ್ಲ.

ಟೆಂಟಿನ ದುರುಗಮ್ಮನ ಮಗಳು ಹುಲಿಗೆಮ್ಮ ಡ್ರಾಯಿಂಗಿನ ಲೋವರ್ ಗ್ರೇಡ್ ಪರೀಕ್ಷೆಗೆ ಕಟ್ಟಿದ್ದಳು. ಟೆಂಟಿನ ತಗಡಿಗೆಲ್ಲ ಇದ್ದಿಲು ಬಳಿಯುತ್ತಾಳೆ, ಮದುವೆಯಾದಮೇಲೆ ಅತ್ತೆಗೂ ಬಳಿಯುತ್ತಾಳೇನೋ ಎಂದು ತಾಯಿ ನಗುತ್ತಿದ್ದಳು.

ಒಂದು ಸಲ ಮೂರು ದಿನ ಅಕಾಲದ ಮಳೆ ಹಿಡಿಯಿತು. ನಾಲ್ಕನೆಯ ಬೆಳಿಗ್ಗೆ ಬಿಸಿಲು ಬಂತು, ದುರುಗಮ್ಮನೂ ಶಾಲೆಗೆ ಬಂದಳು. ಟೆಂಟು ಸೋರಿಲ್ಲ, ಆದರೂ ಹಿಂದುಗಡೆ ಗುಡ್ಡದ ಬುಡದ ನೆಲ ಬೆವರುತ್ತಿದೆ ಎಂದಳು. ತನ್ನ ಅತ್ತೆಗೆ ಕಾಲಿಲ್ಲ, ಹೊತ್ತುಕೊಂಡು ಹೋಗಬೇಕು; ಟೆಂಟು ಕಿತ್ತರೆ ಆ ಜಾಗ ಬೇರೆಯವರ ಪಾಲು.

"ಸೂಪರ್‌ವೈಸರ್ ಏನಾಗಲ್ಲ ಅಂತಾನ್ರಿ. ಅವ್ನು ಗುಡ್ಡ ಎಲ್ಲಿ ನೋಡ್ತಾನೆ, ಲಾರಿ ನೋಡ್ತಾನೆ. ನೀವು ದಿನಾ ಅದನ್ನೇ ನೋಡಿ ಬರಿಯೋರು. ನೀವು ಹೇಳ್ರಿ ಸಾರ್, ಕೀಳ್ಲಾ, ಇರ್ಲಾ?"

ಮೇಷ್ಟ್ರು ಬರಿಗಣ್ಣಲ್ಲಿ ಒಮ್ಮೆ ನೋಡಿದರು. ಹುಬ್ಬು ಗಂಟಿಕ್ಕಿತು. ಗುಡ್ಡದ ನಡುವಿಗೆ ನೀರು ಹಿಡಿದಂಥ ಕಂದು ಪಟ್ಟೆ ಇದ್ದ ಹಾಗಿತ್ತು. ಅನುಮಾನ ಬಂದಾಗ ಮಾಡುವಂತೆ ನನ್ನನ್ನು ತೆಗೆದು ಕಣ್ಣಿಗೆ ಹಿಡಿದರು. ನಾನು ತೋರಿಸಿದ್ದು ಒಂದೇ ಸಮನಾದ ಬೆಳಕು.

"ಎಲ್ಲಾ ಒಂದೇ ಐತಮ್ಮ," ಅಂದರು. "ಕಪ್ಪು ಎಲ್ಲೂ ಇಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಹಂಗಾದ್ರೆ ಸರಿ ಬಿಡ್ರಿ ಎಂದು ಹಗುರಾಗಿ ನಡೆದು ಹೋದಳು.

ಮಾರನೆಯ ದಿನ ಎರಡನೆಯ ಪೀರಿಯಡ್ಡಿನಲ್ಲಿ ಗುಡ್ಡ ಜಾರಿತು. ಹುಲಿಗೆಮ್ಮ ತರಗತಿಯಲ್ಲಿದ್ದಳು. ಐದು ಟೆಂಟು ಹೋದವು. ದುರುಗಮ್ಮ ಅತ್ತೆಯನ್ನು ಬೆನ್ನಿಗೆ ಹಾಕಿಕೊಂಡಿದ್ದಳಂತೆ, ಹಾಗೆಯೇ ಸಿಕ್ಕರು. ತೆಗೆಯಲು ಹೋದ ಮೇಷ್ಟ್ರ ಉಗುರೊಳಗಿನ ಕೆಮ್ಮಣ್ಣು ಎಷ್ಟೋ ದಿನ ಬಿಡಲಿಲ್ಲ.

ಒಂದು ವಾರದ ಮೇಲೆ ಅವರು ಜಗಲಿಯಲ್ಲಿ ನಿಂತರು. ಉಳಿದರ್ಧ ಗುಡ್ಡದ ಮೇಲೆ ಹಸಿಮಣ್ಣಿನ ಉದ್ದನೆಯ ಪಟ್ಟೆ, ಒಣಗಿದ ರಕ್ತದ ಬಣ್ಣದ್ದು. ನನ್ನನ್ನು ಅಡ್ಡ ಹಿಡಿದರು. ಪಟ್ಟೆ ಮಾಯ. ತೆಗೆದರು, ಇತ್ತು. ಮತ್ತೆ ಹಿಡಿದರು. ಎಷ್ಟು ಸಲವೋ ಲೆಕ್ಕವಿಲ್ಲ. ಕೆಂಪು ನನ್ನದೇ ಬಣ್ಣ. ಹಸಿಯಿರಲಿ, ಒಣಗಿರಲಿ, ಕೆಂಪನ್ನೆಲ್ಲ ನಾನು ಬೆಳಕೆಂದೇ ಒಳಗೆ ಬಿಡುತ್ತೇನೆ. ಹಸಿರಿನ ಊರಲ್ಲಿ ಅದು ಯಾರಿಗೂ ತಿಳಿಯಲಿಲ್ಲ. ನನಗೂ.

ತಿಂಗಳಾದ ಮೇಲೆ ಹುಲಿಗೆಮ್ಮ, ಅವಳನ್ನು ಸೇರಿಸಿದ್ದ ಹಾಸ್ಟೆಲಿನಿಂದ ಶಾಲೆಗೆ ಬಂದಳು. ಅವ್ವ ಅವತ್ತು ಯಾಕೆ ಬಂದಿದ್ದಳೆಂದು ಕೇಳಿದಳು. ಪರೀಕ್ಷೆಯ ವಿಷಯಕ್ಕೆ ಎಂದುಬಿಡಬಹುದಿತ್ತು. ಮೇಷ್ಟ್ರು ಒಂದನ್ನೂ ಬಿಡದೆ ಹೇಳಿ, ನನ್ನನ್ನು ಅವಳ ಕೈಗೆ ಕೊಟ್ಟರು. ಅವಳು ನನ್ನೊಳಗಿಂದ ನೋಡಿದಳು. ಇಳಿಸಿ ನೋಡಿದಳು.

"ಬರಿಗಣ್ಣಿಗೆ ಕಾಣ್ತೈತಲ್ಲ ಸಾರ್," ಅಂದಳು, ಮೆಲ್ಲಗೆ.

ಅವಳು ಮೇಷ್ಟ್ರ ಹಳೆಯ ಚಿತ್ರ ಎಳೆದುಕೊಂಡು, ಆ ಬೆಳ್ಳಗಿನ ಗುಡ್ಡದ ನಡುವೆ ಇದ್ದಿಲನ್ನು ಒತ್ತಿ ಒತ್ತಿ ಬಳಿದಳು. ಕಡ್ಡಿ ಮುರಿಯಿತು, ತುಂಡಿನಿಂದಲೇ ಬಳಿದಳು. ಅಷ್ಟು ದಿನ ಮಲಗಿದ್ದ ಗುಡ್ಡ ಕಾಗದದಿಂದ ಎದ್ದು ಮುಂದಕ್ಕೆ ವಾಲಿತು. ಅದನ್ನು ಹಿಡಿದು ಇಬ್ಬರೂ ಉಳಿದ ಟೆಂಟುಗಳಿಗೆ ಹೋದರು. ನೋಡಿದವರು ಏನೂ ಕೇಳದೆ ಗೂಟ ಕೀಳತೊಡಗಿದರು.

ಈಗ ನನಗೆ ವಯಸ್ಸಾಗಿದೆ, ಮೈತುಂಬ ಗೀರು. ಶಾಲೆಯ ಕಪಾಟಿನಲ್ಲಿ ಮೊಂಡು ಪೆನ್ಸಿಲ್ಲುಗಳ ತಗಡಿನ ಡಬ್ಬಿಯಲ್ಲಿದ್ದೇನೆ. ಮೇಷ್ಟ್ರು ಈಗ ಕಣ್ಣು ಅರೆಮುಚ್ಚಿ ನೆರಳು ನೋಡುವುದನ್ನು ಕಲಿಸುತ್ತಾರೆ. ವರ್ಷಕ್ಕೊಮ್ಮೆ ಮಾತ್ರ ನನ್ನನ್ನು ತೆಗೆದು, ಹೊಸ ಮಕ್ಕಳಿಗೆ ಗುಡ್ಡದ ಕಡೆ ತಿರುಗಿಸಿ ಕೊಡುತ್ತಾರೆ. ಬೆಳ್ಳಗೈತಿ ಸಾರ್ ಎನ್ನುತ್ತಾರೆ ಮಕ್ಕಳು. ಈಗ ತೆಗೆದು ನೋಡ್ರಿ ಎನ್ನುತ್ತಾರೆ ಮೇಷ್ಟ್ರು.

ಆಮೇಲೆ ಡಬ್ಬಿಯ ಮುಚ್ಚಳ ಬೀಳುತ್ತದೆ. ಒಳಗೆ ಪೂರ್ತಿ ಕತ್ತಲು. ಈ ಒಂದು ಕಪ್ಪನ್ನು ಮಾತ್ರ ನಾನು ಬೆಳಕೆಂದು ತೋರಿಸಲಾರೆ.