ಆರುನೂರ ಹನ್ನೊಂದು ತೂತುಗಳು

ಇಪ್ಪತ್ತು ಲಕ್ಷ ವರ್ಷ ಹಳೆಯ ಕಪ್ಪೆಚಿಪ್ಪಿನ ತೂತಿನಲ್ಲಿ ನೀಲಿ ಹತ್ತಿದಾರದ ಎಳೆಯೊಂದು ಸಿಕ್ಕಿಕೊಂಡಿತ್ತು. ಚಿಪ್ಪಕ್ಕ ಅದನ್ನು ಚಿಮಟದಿಂದ ಮೆಲ್ಲಗೆ ಎಳೆದು ಬಿಳಿ ತಟ್ಟೆಯ ಮೇಲಿಟ್ಟಳು. ಮೊದಲು ತನ್ನ ತೋಳನ್ನೇ ನೋಡಿಕೊಂಡಳು. ಮೇಲಂಗಿ ಬಿಳಿ. ಕಿಟಕಿಯ ಪರದೆ ಬೂದು. ಒರೆಸುವ ಬಟ್ಟೆ ಹಳದಿ. ಉಗ್ರಾಣದ ಆ ಕೋಣೆಯಲ್ಲಿ ನೀಲಿ ಎಂಬ ಬಣ್ಣವೇ ಇರಲಿಲ್ಲ.

ಅವಳು ಸೂಕ್ಷ್ಮದರ್ಶಕದ ಮಸೂರ ತಿರುಗಿಸಿ ತೂತಿನ ಗೋಡೆಯನ್ನು ಇನ್ನಷ್ಟು ಹತ್ತಿರಕ್ಕೆ ತಂದಳು. ನೆಟ್ಟಗಿನ ಗೋಡೆ. ಅದರ ಮೇಲೆ ಒಂದರ ಕೆಳಗೊಂದು ಸುತ್ತು ಸುತ್ತಾಗಿ ಕೂದಲೆಳೆಯಷ್ಟು ಸಣ್ಣ ಗೀರುಗಳು. ಒಳಬದಿಯ ಅಂಚಿನಲ್ಲಿ ಚೂರು ಎದ್ದುಹೋಗಿತ್ತು. ಯಾವ ಹುಳುವೂ ಹೀಗೆ ಕೊರೆಯುವುದಿಲ್ಲ. ಅವಳು ಎಳೆಯನ್ನು ಪುಟ್ಟ ಡಬ್ಬಿಯೊಂದಕ್ಕೆ ಹಾಕಿ ಮುಚ್ಚಿದಳು.

ವಸ್ತುಸಂಗ್ರಹಾಲಯದ ಉಗ್ರಾಣ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಹತ್ತು ವರ್ಷವಾದ ಅವಳನ್ನು ಅಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಚಿಪ್ಪಕ್ಕ ಎಂದೇ. ಕೆಲಸದ ಜೊತೆಜೊತೆಗೇ ಏಳು ವರ್ಷದಿಂದ ಡಾಕ್ಟರೇಟಿಗೆ ಪ್ರಬಂಧ ಬರೆಯುತ್ತಿದ್ದಳು. ವಿಷಯ, ಬೇಟೆಯಾಡುವ ಕಡಲ ಬಸವನಹುಳುಗಳು. ಅವುಗಳಲ್ಲಿ ಕೆಲವಕ್ಕೆ ನಾಲಿಗೆಯ ಮೇಲೆ ಅರದಂಥ ಹಲ್ಲುಗಳಿವೆ. ಕಪ್ಪೆಚಿಪ್ಪನ್ನು ತಬ್ಬಿ ಹಿಡಿದು, ಆಮ್ಲದಂಥ ರಸ ಹಚ್ಚಿ ಮೆತ್ತಗೆ ಮಾಡಿ, ಅರದಿಂದ ಕೆರೆದು, ಮತ್ತೆ ರಸ ಹಚ್ಚಿ, ದಿನಗಟ್ಟಲೆ ತಾಳ್ಮೆಯಿಂದ ತೂತು ಕೊರೆದು ಒಳಗಿನ ಜೀವಿಯನ್ನು ತಿನ್ನುತ್ತವೆ. ದುಂಡು ಮೈಯ ಹುಳು ಕೊರೆದ ತೂತು ಆಲಿಕೆಯಂತೆ ಹೊರಗೆ ಅಗಲ, ಒಳಗೆ ಕಿರಿದು. ಮೈತುಂಬ ಮುಳ್ಳಿರುವ ಹುಳುವಿನ ತೂತು ನೆಟ್ಟಗೆ. ಎರಡೂ ಜಾತಿ ಇವತ್ತಿಗೂ ಸಮುದ್ರದಲ್ಲಿವೆ. ಅವುಗಳ ಮುತ್ತಜ್ಜಂದಿರು ಕಲ್ಲುಗಣಿಯ ಪದರಗಳಲ್ಲಿದ್ದಾರೆ. ಬದುಕಿರುವವನ್ನು ಅವಳು ಉಗ್ರಾಣದ ಮೂಲೆಯ ಗಾಜಿನ ತೊಟ್ಟಿಯಲ್ಲಿ, ನಡುವೆ ತಟ್ಟಿ ಹಾಕಿ, ಈ ಕಡೆ ದುಂಡಿನವು ಆ ಕಡೆ ಮುಳ್ಳಿನವು ಎಂದು ಸಾಕಿದ್ದಳು. ಸತ್ತವರ ಊಟದ ಲೆಕ್ಕ ಬೀರುಗಳಲ್ಲಿತ್ತು.

ಆ ಲೆಕ್ಕ ಹೀಗಿತ್ತು. ಗಣಿಯ ಕೆಳಪದರದ ಸಾವಿರದ ಒಂಬೈನೂರ ಎಂಬತ್ತು ಕಪ್ಪೆಚಿಪ್ಪುಗಳಲ್ಲಿ ತೂತಿದ್ದವು ಇನ್ನೂರ ತೊಂಬತ್ತೇಳು. ಮೇಲ್ಪದರದ ಎರಡು ಸಾವಿರದ ನೂರ ನಲವತ್ತರಲ್ಲಿ ಆರುನೂರ ಹನ್ನೊಂದು. ಹೆಚ್ಚುಕಮ್ಮಿ ದುಪ್ಪಟ್ಟು. ಮೇಲ್ಪದರದ ತೂತುಗಳಲ್ಲಿ ಅರ್ಧದಷ್ಟು ನೆಟ್ಟಗಿನವು, ಕೆಳಪದರದಲ್ಲಿ ಅಂಥವು ಇಲ್ಲವೆನ್ನುವಷ್ಟು ಕಡಿಮೆ. ಆ ಪದರದಲ್ಲಿ ಮುಳ್ಳು ಹುಳುವಿನ ಪಳೆಯುಳಿಕೆಗಳೂ ನಾಲ್ಕು ಸಿಕ್ಕಿದ್ದವು. ಹಾಗಾಗಿ ಪ್ರಬಂಧದ ಬೆನ್ನುಮೂಳೆ ತಾನಾಗಿಯೇ ನಿಂತಿತ್ತು: ಆ ಸಮುದ್ರಕ್ಕೆ ಎರಡನೆಯ ಬೇಟೆಗಾರ ಬಂದ, ಬೇಟೆ ಇಮ್ಮಡಿಯಾಯಿತು. ಎರಡು ಸಲ ವಾಯಿದೆ ವಿಸ್ತರಿಸಿಕೊಂಡಾಗಿತ್ತು. ಸಲ್ಲಿಸಲು ಉಳಿದದ್ದು ಹದಿನಾಲ್ಕು ದಿನ. ತಪ್ಪಿದರೆ ನೋಂದಣಿಯೇ ರದ್ದು, ಏಳು ವರ್ಷ ನೀರಿನಲ್ಲಿ ಹೋಮ.

ಬೆನ್ನುಮೂಳೆಯೊಳಗೆ ಈಗ ನೀಲಿ ದಾರ.

ಸಂಜೆ ಮನೆಗೆ ಬಂದಾಗ ಮಾವ ಅಡುಗೆಮನೆಯ ಕುರ್ಚಿಯೊಂದನ್ನು ತಲೆಕೆಳಗು ಮಾಡಿ ಕಾಲಿಗೆ ಗೋಂದು ಹಚ್ಚುತ್ತಿದ್ದರು. ಮೂವತ್ತೊಂದು ವರ್ಷ ಅದೇ ಸಂಗ್ರಹಾಲಯದಲ್ಲಿ ಪಳೆಯುಳಿಕೆಗಳನ್ನು ತೊಳೆದು, ಕೆರೆದು, ಅಂಟಿಸಿ, ಪೆಟ್ಟಿಗೆಗೆ ಹಾಕಿದ ಮನುಷ್ಯ. ನಿವೃತ್ತಿಯಾಗಿ ಹನ್ನೆರಡು ವರ್ಷವಾದರೂ ಕೈ ಸುಮ್ಮನಿರದು. ಸೊಸೆ ಏನೂ ಪೀಠಿಕೆ ಹಾಕದೆ ದಾರದ ಎಳೆಯಿದ್ದ ಪುಟ್ಟ ಡಬ್ಬಿಯನ್ನು ಅವರ ಮುಂದಿಟ್ಟಳು.

ಮಾವ ಕನ್ನಡಕ ಮೂಗಿನ ತುದಿಗೆ ಎಳೆದು ನೋಡಿದರು. ಹಳೆಯ ಸ್ನೇಹಿತ ಸಿಕ್ಕವರಂತೆ ಮುಖ ಅರಳಿತು.

"ನನ್ನ ದಾರ ಅಲ್ವಾ ಇದು? ಇನ್ನೂ ಇದೆಯಾ!"

ಅವರು ಸಾವಕಾಶವಾಗಿ ಹೇಳಿದ ಕಥೆ ಇದು. ಒಂದು ವರ್ಷ ಉಗ್ರಾಣದ ಕಪಾಟು ಮುರಿದು ಬೇರೆ ಯಾವುದೋ ಗಣಿಯ ಮೂರು ಪೆಟ್ಟಿಗೆ ನೆಲಕ್ಕೆ ಮಗುಚಿತ್ತು. ಯಾವುದು ಯಾವ ಪದರದ್ದು ಎಂದು ಹೇಳುವವರಿಲ್ಲದೆ ಇಡೀ ರಾಶಿಯನ್ನು ಎಸೆಯಬೇಕಾಯಿತು. ಅದಾದ ತಿಂಗಳಿಗೆ ಈ ಮೇಲ್ಪದರದ ಚಿಪ್ಪುಗಳು ಬಂದವು, ಅದೂ ಒದ್ದೆ ರಟ್ಟಿನ ಪೆಟ್ಟಿಗೆಗಳಲ್ಲಿ. ಮತ್ತೆ ಹಾಗಾಗಬಾರದೆಂದು ಮಾವ ಪ್ರತಿ ಪೆಟ್ಟಿಗೆಯಿಂದ ಒಂದಷ್ಟು ಚಿಪ್ಪು ಆರಿಸಿ, ನೀಲಿ ದಾರದಲ್ಲಿ ಪೋಣಿಸಿ, ಪದರದ ಹೆಸರಿನ ಚೀಟಿ ಕಟ್ಟಿದರು. ಪೆಟ್ಟಿಗೆ ಮಗುಚಿದರೂ ಸರ ಉಳಿಯುತ್ತದೆ. ಸರದ ಚಿಪ್ಪಿಗೆ ಅಂಟಿದ ಮಣ್ಣು ನೋಡಿ ಉಳಿದವನ್ನು ಒಟ್ಟುಗೂಡಿಸಬಹುದು. ಹುಳು ಕೊರೆದ ತೂತಿದ್ದರೆ ಅದರಲ್ಲೇ ದಾರ ತೂರಿಸಿದರು. ಇಲ್ಲದಿದ್ದರೆ ಬೈರಿಗೆ ಹಿಡಿದು ತಾವೇ ಕೊರೆದರು. ಕೆಳಪದರದ ಚಿಪ್ಪು ಬರುವ ಹೊತ್ತಿಗೆ ಮುಚ್ಚಳವಿರುವ ಮರದ ಪೆಟ್ಟಿಗೆ ಬಂದಿದ್ದವು, ಸರದ ಅಗತ್ಯವಿರಲಿಲ್ಲ. ಅವರು ನಿವೃತ್ತರಾದ ಮೇಲೆ, ಸೊಸೆ ಕೆಲಸಕ್ಕೆ ಸೇರುವ ಮುಂಚೆ, ಪ್ಲಾಸ್ಟಿಕ್ ತಟ್ಟೆಗಳು ಬಂದಾಗ ಯಾರೋ ದಾರ ಕತ್ತರಿಸಿ ಚೀಟಿ ಮಾತ್ರ ತಟ್ಟೆಗೆ ಹಾಕಿರಬೇಕು.

"ಎಷ್ಟು ಕೊರೆದಿರಿ ಮಾವ?"

"ಯಾರಮ್ಮ ಎಣಿಸಿದ್ರು? ಪೆಟ್ಟಿಗೆಗೆ ಮೂವತ್ತೋ ನಲವತ್ತೋ."

"ಏಳು ವರ್ಷದಿಂದ ಊಟಕ್ಕೆ ಕೂತಾಗೆಲ್ಲ ತೂತಿನ ವಿಷಯವೇ ಮಾತಾಡ್ತಿದೀನಿ. ಒಂದು ಸಲಾನೂ ಹೇಳ್ಲಿಲ್ಲವಲ್ಲ."

ಮಾವ ನಿಜವಾಗಿಯೂ ಅಚ್ಚರಿಪಟ್ಟರು. "ನೀನು ಹುಳದ ತೂತು ಎಣಿಸ್ತೀನಿ ಅಂದೆ. ನನ್ನ ತೂತು ನೋಡಿದ್ರೆ ಗೊತ್ತಾಗಲ್ವಾ?"

ಅದೇ ಅವಳಿಗೆ ಚುರುಕ್ಕೆಂದದ್ದು. ಗೊತ್ತಾಗಬೇಕಿತ್ತು. ಮೊದಲ ಎರಡು ವರ್ಷ ಕೈಮಸೂರ ಹಿಡಿದೇ ಎಣಿಸಿದ್ದಳು. ನೆಟ್ಟಗಿನದು ಕಂಡರೆ ಮುಳ್ಳು ಹುಳು ಎಂದು ಬರೆದುಕೊಂಡಿದ್ದಳು. ಬೇಟೆಗಾರ ಬೇಕಿತ್ತು, ಸಿಕ್ಕಿದ. ಊಟದ ಹೊತ್ತಿಗೆ ವಿಷಯ ತಿಳಿದ ಗಂಡ, ಮುದ್ರಣಾಲಯದಲ್ಲಿ ಬೈಂಡಿಂಗ್ ಕೆಲಸದವನು, ನಗಬಾರದೆಂದು ತುಟಿ ಕಚ್ಚಿ ಹಿಡಿದರೂ ಆಗಲಿಲ್ಲ. "ಅಂದ್ರೆ ಆ ಎರಡನೇ ಬೇಟೆಗಾರ ನಮ್ಮಪ್ಪ" ಎಂದ. ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮಾರನೆಯ ದಿನ ಅವಳ ಗೈಡ್ ಎಲ್ಲವನ್ನೂ ಕೇಳಿ, ಅಧ್ಯಾಯಗಳ ಪಟ್ಟಿಯನ್ನು ಮುಂದಕ್ಕೆಳೆದುಕೊಂಡರು. ಕೆಟ್ಟವರೇನಲ್ಲ. ಅವಳ ಏಳು ವರ್ಷದಲ್ಲಿ ಅವರದೂ ಏಳು ವರ್ಷ ಸೇರಿತ್ತು. ಕೆಲವು ತೂತುಗಳು ಮನುಷ್ಯ ಕೊರೆದವು ಇರಬಹುದು ಎಂದು ಪುಟದ ಕೆಳಗೆ ಒಂದು ಅಡಿಟಿಪ್ಪಣಿ ಹಾಕಿ ಈಗ ಸಲ್ಲಿಸಿಬಿಡಿ, ಆಮೇಲೆ ನಿಧಾನವಾಗಿ ಸರಿಮಾಡಿಕೊಳ್ಳೋಣ ಎಂದರು. ಎಲ್ಲವನ್ನೂ ಮತ್ತೆ ನೋಡಲು ಕೂತರೆ ದಿನ ಸಾಲುವುದಿಲ್ಲ. ಸಾಲಿದರೂ ಕೊನೆಗೆ ಬೇಟೆ ಹೆಚ್ಚಲೇ ಇಲ್ಲ ಎಂದಾದರೆ ಓದುವವರಿಗೆ ಉಳಿಯುವುದೇನು ಎಂದೂ ಕೇಳಿದರು.

"ಇದ್ದದ್ದು ಉಳಿಯುತ್ತೆ ಸರ್" ಎಂದಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಚೀಟಿಯಲ್ಲಿ ಲೆಕ್ಕ ಹಾಕಿದಳು. ಒಂದು ತೂತಿಗೆ ಐದು ನಿಮಿಷ. ಎರಡೂ ಪದರ ಸೇರಿ ಒಂಬೈನೂರ ಎಂಟು ತೂತು. ಒಂಬತ್ತು ದಿನ ನೋಡುವುದಕ್ಕೆ, ನಾಲ್ಕು ದಿನ ಎರಡು ಅಧ್ಯಾಯ ಹೊಸದಾಗಿ ಬರೆಯುವುದಕ್ಕೆ. ರಜೆ ಚೀಟಿ ಅಲ್ಲೇ ಬರೆದಳು.

ಮಾವ ತಾವೇ ಬಂದು ಆರಿಸಿಕೊಡುತ್ತೇನೆ ಎಂದರು. ಹೆಬ್ಬೆರಳು ಆಡಿಸಿದರೆ ಸಾಕು, ತಮ್ಮ ತೂತು ತಮಗೆ ತಿಳಿಯುತ್ತದೆ ಎಂಬುದು ಅವರ ವಾದ. ಅವಳು ಬೇಡವೆನ್ನಲಿಲ್ಲ, ಆದರೆ ಹಾಗೇ ಒಪ್ಪಲೂ ಇಲ್ಲ. ನಲವತ್ತು ಚಿಪ್ಪು ತೆಗೆದುಕೊಂಡಳು. ತೊಟ್ಟಿಯ ದುಂಡು ಹುಳುಗಳು ತಿಂದವು ಹತ್ತು, ಮುಳ್ಳಿನವು ತಿಂದವು ಹತ್ತು, ಕೆಳಪದರದವು ಹತ್ತು, ಮಾವನ ಹಳೆಯ ಬೈರಿಗೆಯನ್ನು ಹುಡುಕಿ ತೆಗೆದು ಒಡಕು ಚಿಪ್ಪುಗಳ ಮೇಲೆ ತಾನೇ ಕೊರೆದವು ಹತ್ತು. ಹೊಸದು ಹಳೆಯದು ತಿಳಿಯಬಾರದೆಂದು ಪ್ರತಿಯೊಂದಕ್ಕೂ ರಟ್ಟು ಅಂಟಿಸಿ, ತೂತಷ್ಟೇ ಕಾಣುವಂತೆ ಕಿಂಡಿ ಬಿಟ್ಟಳು.

"ಪರೀಕ್ಷೆಗೆ ಕೂರಿಸ್ತಿದೀಯಾ ನನ್ನ?" ಎಂದರು ಮಾವ.

"ನಿಮ್ಮನ್ನಲ್ಲ ಮಾವ, ನಿಮ್ಮ ಹೆಬ್ಬೆರಳನ್ನ."

ಆಲಿಕೆಯಂಥವನ್ನು ಮಾವ ಒಂದೂ ತಪ್ಪಲಿಲ್ಲ. ಬೈರಿಗೆಯವನ್ನೂ ತಪ್ಪಲಿಲ್ಲ, ಕೈ ನಡುಗಿದೆ, ಇದು ನಾನಲ್ಲ, ನೀನು ಕೊರೆದದ್ದು ಎಂದು ಹತ್ತನ್ನೂ ಬೇರೆಯಾಗಿಯೇ ಎತ್ತಿಟ್ಟರು. ಆದರೆ ಇನ್ನೂ ನಾಲ್ಕನ್ನು ಮುಂದೆ ತಳ್ಳಿ, ಇವು ಮಾತ್ರ ನನ್ನವೇ, ಒಳ್ಳೆಯ ದಿನಗಳ ಕೆಲಸ ಎಂದು ಹೆಮ್ಮೆಯಿಂದ ಹೇಳಿದರು. ಚಿಪ್ಪಕ್ಕ ರಟ್ಟು ಬಿಚ್ಚಿ ತೋರಿಸಿದಳು. ಹೋದ ತಿಂಗಳು ಇದೇ ಕೋಣೆಯ ತೊಟ್ಟಿಯಲ್ಲಿ ಮುಳ್ಳು ಹುಳುಗಳು ತಿಂದ ಚಿಪ್ಪುಗಳು ಅವು.

ಮಾವ ಎದ್ದು ತೊಟ್ಟಿಯ ಹತ್ತಿರ ಹೋದರು. ಗಾಜಿಗಂಟಿಕೊಂಡ ಹುಳುವೊಂದನ್ನು ಬಗ್ಗಿ ನೋಡಿದರು.

"ಕೈ ಇಲ್ಲ, ಬೈರಿಗೆ ಇಲ್ಲ. ನನಗಿಂತ ಚೆನ್ನಾಗಿ ಕೊರೆದಿದೆಯಲ್ಲ ಮಾರಾಯ್ತಿ."

ಅವರಿಗೆ ಬೇಸರವಾಗಿತ್ತು. ಅವಳು ಅದನ್ನು ಸವರಿ ಸಮಾಧಾನ ಮಾಡಲಿಲ್ಲ, ಅದಕ್ಕೆ ಸಮಯವೂ ಇರಲಿಲ್ಲ. ಆಲಿಕೆಯಂಥವನ್ನು ನೀವು ಬೇರೆ ಮಾಡಿ, ನಾನು ಒಮ್ಮೆ ಕಣ್ಣು ಹಾಯಿಸುತ್ತೇನೆ, ನೆಟ್ಟಗಿರುವುದೆಲ್ಲ ನೇರ ಸೂಕ್ಷ್ಮದರ್ಶಕಕ್ಕೆ ಬರಲಿ, ಅಲ್ಲಿ ಸುತ್ತುಗೀರು ಕಂಡರೆ ನಿಮ್ಮದು, ಕಾಣದಿದ್ದರೆ ನಿಮ್ಮದಲ್ಲ, ನೀವು ಎಷ್ಟೇ ಹೇಳಿದರೂ ಎಂದಳು. ಮಾವ ಕುರ್ಚಿ ಎಳೆದುಕೊಂಡು ಕೂತರು.

ಒಂಬತ್ತು ದಿನ ಹಾಗೆ ನಡೆಯಿತು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಇಬ್ಬರೂ ಹಾಜರು. ಮೇಜಿನ ಆ ತುದಿಯಲ್ಲಿ ಮಾವ, ಈ ತುದಿಯಲ್ಲಿ ಸೊಸೆ, ನಡುವೆ ತಟ್ಟೆಗಳ ಸಾಲು. ಮೂರನೆಯ ದಿನಕ್ಕೆ ಅವಳ ಕತ್ತು ಹಿಡಿದುಕೊಂಡಿತು. ಮಾವ ಹಳೆಯ ಪುಸ್ತಕಗಳ ಕಟ್ಟೊಂದನ್ನು ಸೂಕ್ಷ್ಮದರ್ಶಕದ ಅಡಿಗಿಟ್ಟು ಎತ್ತರಿಸಿಕೊಟ್ಟರು. ಐದನೆಯ ದಿನದಿಂದ ಅವರು 'ಇದು ನಂದು' ಎನ್ನುವುದನ್ನು ಬಿಟ್ಟು 'ಇದು ನಂದೇನೋ, ನೋಡು' ಎನ್ನತೊಡಗಿದರು. ಏಳನೆಯ ದಿನ ಮೇಲ್ಪದರ ಮುಗಿಯಿತು. ಕೆಳಪದರದಲ್ಲಿ ನಾನು ಬೈರಿಗೆ ಮುಟ್ಟಿಯೇ ಇಲ್ಲವಲ್ಲ, ಅದನ್ನೇಕೆ ನೋಡುತ್ತೀ ಎಂದು ಅವರು ಕೇಳಿದರು. ಎರಡಕ್ಕೂ ಒಂದೇ ಅಳತೆಗೋಲು ಬೇಕು ಎಂದಳು. ನೋಡಿದಳು. ಇನ್ನೂರ ತೊಂಬತ್ತೇಳರಲ್ಲಿ ಒಂದು ತೂತು ಹುಳುವಿನದಲ್ಲ. ಅದರ ಅಂಚಿನಲ್ಲಿ ಉಕ್ಕಿನ ಹೊಳಪಿನ ಗೆರೆ ಇತ್ತು. ಮೊದಲ ವರ್ಷ ಮಣ್ಣು ಬಿಡಿಸುವಾಗ ಅವಳ ಸೂಜಿಯೇ ಚುಚ್ಚಿದ ತೂತು ಅದು.

ಅವಳು ಅದನ್ನು ಮಾವನಿಗೆ ತೋರಿಸಿದಳು. ಅವರು ಬಹಳ ಹೊತ್ತು ಮಸೂರದಲ್ಲಿ ಕಣ್ಣಿಟ್ಟರು.

"ಹಾಗಾದ್ರೆ ಬೇಟೆಗಾರರು ಮೂವರು" ಎಂದರು. ಒಂಬತ್ತು ದಿನದಲ್ಲಿ ಇಬ್ಬರೂ ಜೊತೆಯಾಗಿ ನಕ್ಕದ್ದು ಆಗಲೇ.

ಮೇಲ್ಪದರದ ಆರುನೂರ ಹನ್ನೊಂದರಲ್ಲಿ ಮಾವನ ಬೈರಿಗೆಯವು ಇನ್ನೂರ ಎಂಬತ್ತೊಂಬತ್ತು. ಹುಳುಗಳವೆಂದು ಖಚಿತವಾದವು ಮುನ್ನೂರ ಹತ್ತು. ಉಳಿದ ಹನ್ನೆರಡರ ಗೋಡೆ ಸವೆದುಹೋಗಿತ್ತು. ಮುಳ್ಳು ಹುಳುವಿನದೋ, ಮಾವನದೋ, ಏನು ಮಾಡಿದರೂ ಹೇಳಲಾಗಲಿಲ್ಲ. ಆ ಹನ್ನೆರಡನ್ನು ಸೇರಿಸಿಕೊಂಡರೂ ನೂರಕ್ಕೆ ಹದಿನೈದು. ಕೆಳಪದರದಲ್ಲೂ ನೂರಕ್ಕೆ ಹದಿನೈದು. ಬೇಟೆ ಹೆಚ್ಚಿರಲೇ ಇಲ್ಲ. ಎರಡು ಪದರಗಳ ನಡುವೆ ಸಮುದ್ರ ಹಿಂದೆ ಸರಿದು ಮತ್ತೆ ಬಂದಿತ್ತು. ಹುಳುಗಳ ಹಸಿವು ಮಾತ್ರ ಇದ್ದಷ್ಟೇ ಇತ್ತು. ಅವಳು ಅದನ್ನೇ ಬರೆದಳು. ನಾಲ್ಕು ದಿನದಲ್ಲಿ ಎರಡು ಅಧ್ಯಾಯ ಕಿತ್ತುಹಾಕಿ ಎರಡು ಕಟ್ಟಿದಳು. ಗಂಡ ಹಳೆಯ ಶೀರ್ಷಿಕೆ ಅಚ್ಚಾಗಿದ್ದ ರಟ್ಟನ್ನು ಬದಿಗಿಟ್ಟು ಹೊಸದನ್ನು ಕತ್ತರಿಸಿದ.

ಕೊನೆಯ ದಿನ ಗೈಡ್ ಸಹಿ ಹಾಕುವ ಮುಂಚೆ ಆ ಎರಡು ಅಧ್ಯಾಯಗಳನ್ನು ಅವಳ ಎದುರಿಗೇ ಓದಿದರು. ಒಂದು ಕೋಷ್ಟಕದ ಮೇಲೆ ಬೆರಳು ನಿಂತಿತು.

"ಈ ಹನ್ನೆರಡು?"

"ಗೊತ್ತಿಲ್ಲ ಅಂತ ಬರೆದಿದೀನಿ ಸರ್."

"ಗೊತ್ತಿಲ್ಲ ಅಂತ ಬರೆಯೋಕೆ ಏಳು ವರ್ಷ ಬೇಕಾಯ್ತಾ?"

"ಏಳು ವರ್ಷ, ಹದಿಮೂರು ದಿನ."

ಅವರು ಹಿಂದಿನ ಪುಟಕ್ಕೆ ಹೋದರು. ಅಲ್ಲಿ, ಕೆಲಸದ ವಿಧಾನ ವಿವರಿಸುವ ಕಡೆ, ಈ ಚಿಪ್ಪುಗಳನ್ನು ಅಣಿಗೊಳಿಸಿದವರು ಪ್ರತಿ ಪೆಟ್ಟಿಗೆಯ ಒಂದಷ್ಟನ್ನು ಪೋಣಿಸಿ ಗುರುತು ಉಳಿಸಿದ್ದರಿಂದಲೇ ಮೇಲ್ಪದರ ಯಾವುದೆಂದು ಇಂದು ಖಾತ್ರಿಯಿಂದ ಹೇಳಬಹುದಾಗಿದೆ ಎಂಬ ಒಂದು ವಾಕ್ಯವಿತ್ತು. ಅದನ್ನು ಎರಡು ಸಲ ಓದಿದಂತೆ ಕಂಡಿತು. ಪರೀಕ್ಷಕರು ಏನೆನ್ನುತ್ತಾರೋ ತನಗೆ ತಿಳಿಯದು, ಆದರೆ ಇದರ ಪರವಾಗಿ ತಾನು ವಾದ ಮಾಡಬಲ್ಲೆ ಎಂದು ಹೇಳಿ ಸಹಿ ಹಾಕಿದರು.

ಕಚೇರಿಯ ಕಿಟಕಿಯಲ್ಲಿ ಮೂರು ಪ್ರತಿ ಕೊಟ್ಟು ಮೊಹರು ಬಿದ್ದ ರಸೀದಿ ಹಿಡಿದು ಅವಳು ಉಗ್ರಾಣಕ್ಕೆ ಮರಳಿದಾಗ ಮಾವ ಇನ್ನೂ ಮೇಜಿನ ಮುಂದೆಯೇ ಇದ್ದರು. ಬದಿಗಿಟ್ಟಿದ್ದ ಹಳೆಯ ಶೀರ್ಷಿಕೆಯ ರಟ್ಟನ್ನು ತಟ್ಟೆಯಾಗಿ ಮಾಡಿಕೊಂಡು ಅದರ ಮೇಲೆ ತಮ್ಮ ಇನ್ನೂರ ಎಂಬತ್ತೊಂಬತ್ತು ಚಿಪ್ಪುಗಳನ್ನು ಹರಡಿದ್ದರು. ಕೈಯಲ್ಲಿ ಸೂಜಿ. ಮಡಿಲಲ್ಲಿ ಹೊಸ ನೀಲಿ ದಾರದ ಉಂಡೆ. ಅರ್ಧ ಸರ ಆಗಲೇ ಆಗಿತ್ತು.

"ಇದೇನು ಮಾವ?"

"ಹೊಸ ತೂತು ಒಂದೂ ಕೊರೆದಿಲ್ಲಮ್ಮ. ಇರೋದರಲ್ಲೇ ಪೋಣಿಸ್ತಿದೀನಿ" ಎಂದರು, ಸೂಜಿಯಿಂದ ಕಣ್ಣು ತೆಗೆಯದೆ. "ಇನ್ನೊಬ್ಬರು ಬಂದು ಇವನ್ನ ಎಣಿಸಬಾರದಲ್ಲ."

ಅವಳು ರಸೀದಿಯನ್ನು ಮೇಜಿನ ಖಾನೆಗೆ ಹಾಕಿ, ಕುರ್ಚಿ ಎಳೆದುಕೊಂಡು, ಖಾಲಿ ಚೀಟಿಗಳ ಕಟ್ಟು ಮುಂದಿಟ್ಟುಕೊಂಡಳು. ಮಸಿ ಅಳಿಯದ ಪೆನ್ನು ಹುಡುಕಿ ಮೊದಲ ಚೀಟಿಯಲ್ಲಿ ಬರೆದಳು: ಮೇಲ್ಪದರ, ಪೆಟ್ಟಿಗೆ ಒಂದು, ಬೈರಿಗೆಯಿಂದ ಕೊರೆದವು. ಒಣಗಲೆಂದು ಒಮ್ಮೆ ಊದಿ, ಮಾವನ ಕಡೆ ಸರಿಸಿ, ಎರಡನೆಯದನ್ನು ಎತ್ತಿಕೊಂಡಳು.