ಖಾಲಿ ಬಿಡಬೇಕಾಗಿದ್ದ ನಾಲ್ಕು ಗೆರೆ

ಇಪ್ಪತ್ತೆರಡು ವರ್ಷ ಪಾಠ ಹೇಳಿದವಳಿಗೆ ಪಾಠ ಹೇಳೋದು ಹೇಗೆ ಅಂತ ಯಾರಾದರೂ ಕಲಿಸಹೊರಟರೆ ಮೈ ಉರಿಯದೆ ಇರುತ್ತದೆಯೇ? ನಮ್ಮ ಮಿಸ್ಸಿಗೂ ಉರಿದಿತ್ತು. ಆದರೂ ನಲವತ್ತೇಳನೇ ವಯಸ್ಸಿನಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು, ಮಗಳ ವಯಸ್ಸಿನವರ ಪಕ್ಕ ಬೆಂಚಿನ ಮೇಲೆ ಕೂತು, ಎರಡು ವರ್ಷದ ಸ್ನಾತಕೋತ್ತರ ಕೋರ್ಸಿಗೆ ಸೇರಿಯೇಬಿಟ್ಟಳು. ಪ್ರತಿಭಾವಂತ ಮಕ್ಕಳಿಗೆ ಕಲಿಸುವ ಶಿಕ್ಷಕರ ತರಬೇತಿ ಅದು. ಅವಳ ಶಾಲೆಯಲ್ಲಿ ಅಂಥ ಮಕ್ಕಳಿಗೆಂದೇ ಒಂದು ತರಗತಿ ತೆರೆಯುವವರಿದ್ದರು. ಈ ಪದವಿ ಇದ್ದವರಿಗೆ ಮಾತ್ರ ಆ ತರಗತಿ.

ಅದರಲ್ಲಿ ಅವಳಿಗೆ ಬೇಕಾಗಿದ್ದದ್ದು ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿ. ಎಲ್ಲದಕ್ಕೂ ಯಾಕೆ, ಯಾಕೆ ಅಂತ ಕೇಳಿ ಕೇಳಿ ಕ್ಲಾಸಿನವರ ಬಾಯಲ್ಲಿ 'ಯಾಕಮ್ಮ' ಆಗಿಹೋದವಳು. ಅವಳನ್ನು ಬೇರೆಯವರ ಕೈಗೆ ಕೊಡೋಕೆ ಮಿಸ್ಸಿಗೆ ಸುತರಾಂ ಮನಸ್ಸಿರಲಿಲ್ಲ.

ಕೋರ್ಸಿನಲ್ಲಿ ಒಂದು ವಿಚಿತ್ರ ಕೆಲಸವಿತ್ತು, ಪ್ರಶ್ನೆ ಪುಸ್ತಕ ಅಂತ. ಒಂದು ಮಗುವನ್ನು ಆರಿಸಿಕೊಂಡು ಆರು ತಿಂಗಳು ಅದು ಕೇಳಿದ ಪ್ರಶ್ನೆಗಳನ್ನು ಕೇಳಿದ ಹಾಗೆಯೇ ಬರೆಯಬೇಕು. ಪ್ರತಿ ಪ್ರಶ್ನೆಯ ಕೆಳಗೆ ನಾಲ್ಕು ಗೆರೆ ಖಾಲಿ ಬಿಡಬೇಕು. ಮಗುವೇ ಯೋಚನೆ ಮಾಡಿ, ಬೇಕಾದಾಗ ಬಂದು ಅದನ್ನು ತುಂಬಬೇಕು. ಟೀಚರು ಬಾಯಿಗೆ ಬೀಗ ಹಾಕಿಕೊಂಡಿರಬೇಕು. ಮಿಸ್ ಆರಿಸಿಕೊಂಡದ್ದು ಯಾಕಮ್ಮನನ್ನೇ.

"ಬಾಯಿ ಮುಚ್ಚಿಕೊಂಡಿರೋದಕ್ಕೂ ಡಿಗ್ರಿ ಕೊಡ್ತಾರಾ? ಹಾಗಾದ್ರೆ ನಿನ್ನ ಗಂಡನಿಗೆ ಎರಡು ಕೊಡಬೇಕು," ಅಂದರು ಅತ್ತೆ, ಬಟಾಣಿ ಬಿಡಿಸುತ್ತಾ.

ಅತ್ತೆ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವರು. ಹೊಲಿಗೆ ಅಂಗಡಿಯಲ್ಲಿ ನಲವತ್ತು ವರ್ಷ ಮಷಿನ್ ತುಳಿದು ಈಗ ಮನೆಯಲ್ಲಿದ್ದರು. ಸೊಸೆ ಬಾಯಿ ಮುಚ್ಚುವ ಅಭ್ಯಾಸಕ್ಕೆ ಮನೆಯಲ್ಲಿ ಮಗು ಇಲ್ಲವೆಂದು ಪೇಚಾಡಿದಾಗ, "ಬಾ, ನಾನೇ ನಿನ್ನ ಮಗು. ಬರ್ಕೋ," ಅಂದರು. ಮಿಸ್ ನಗುತ್ತಲೇ ಇನ್ನೊಂದು ನೀಲಿ ರಟ್ಟಿನ ಪುಸ್ತಕ ತೆಗೆದಳು. ಅತ್ತೆಯ ಮೊದಲನೇ ಪ್ರಶ್ನೆ ಇದು: "ಬಟ್ಟೇನ ಉದ್ದಕ್ಕೆ ಎಳೆದ್ರೆ ಜಗ್ಗಲ್ಲ, ಅಡ್ಡಕ್ಕೆ ಎಳೆದ್ರೂ ಜಗ್ಗಲ್ಲ, ಓರೆಯಾಗಿ ಎಳೆದ್ರೆ ಜಗ್ಗುತ್ತೆ. ಯಾಕೆ?"

ಮಿಸ್ ಬಾಯಿ ತೆರೆದಳು, ಮುಚ್ಚಿದಳು. ಉತ್ತರ ಗೊತ್ತಿದ್ದರೆ ತಾನೇ ಹೇಳೋದು! ಎರಡು ದಿನ ಬಿಟ್ಟು ಅತ್ತೆ ಒಂದು ತುಂಡು ಬಟ್ಟೆ ಹಿಡಿದುಕೊಂಡು ಬಂದು, ಒಂದೊಂದೇ ಎಳೆ ಬಿಚ್ಚಿ ತೋರಿಸಿ, ಸೊಟ್ಟಂಬಟ್ಟ ಅಕ್ಷರದಲ್ಲಿ ತಾವೇ ನಾಲ್ಕು ಗೆರೆ ತುಂಬಿದರು. ಆಮೇಲೆ ದಿನಾ ಸಂಜೆ ಅದೇ ಆಟ. ಅತ್ತೆಗೆ ಅದೆಲ್ಲಿತ್ತೋ ಅಷ್ಟೊಂದು ಪ್ರಶ್ನೆ!

ಮೌಖಿಕ ಪರೀಕ್ಷೆಯ ದಿನ ಬಂತು. ಉದ್ದನೆಯ ಮೇಜು, ಆಚೆ ಕಡೆ ಮೂವರು, ನಡುವೆ ಕೋರ್ಸಿನ ಮುಖ್ಯಸ್ಥೆ ದೊಡ್ಡ ಮೇಡಂ. ಅವರು ಪುಸ್ತಕ ತೆರೆದು ಓದುತ್ತಾ ಹೋದ ಹಾಗೆ ಮುಖ ಅರಳಿತು. ಕೊನೆಗೆ ಗಟ್ಟಿಯಾಗಿಯೇ ಓದಿದರು:

"ನಿದ್ದೆ ಬಂದ ಗಳಿಗೆ ಯಾರಿಗೂ ಯಾಕೆ ನೆನಪಿರಲ್ಲ? ಕೆಳಗೆ ಮಗು ಬರೆದಿದೆ ನೋಡಿ: 'ಮೂರು ದಿನ ಕಾದು ನೋಡಿದೆ. ಕಾಯ್ತಾ ಇದ್ರೆ ನಿದ್ದೆ ಬರಲ್ಲ. ನಿದ್ದೆ ಬಂದ್ರೆ ಕಾಯೋರು ಇರಲ್ಲ.'" ಮೇಡಂ ಕನ್ನಡಕ ತೆಗೆದರು. "ಹದಿನೈದು ವರ್ಷದಲ್ಲಿ ಇಂಥ ಪುಸ್ತಕ ನೋಡಿಲ್ಲ ನಾನು. ಮಗುವಿಗೆ ಎಷ್ಟು ವಯಸ್ಸು?"

ಮಿಸ್ ಬಗ್ಗಿ ಮೇಡಂ ಕೈಲಿದ್ದ ಪುಟ ನೋಡಿದಳು: ಅತ್ತೆಯ ಸೊಟ್ಟಂಬಟ್ಟ ಅಕ್ಷರ. ಎರಡಕ್ಕೂ ಒಂದೇ ನೀಲಿ ರಟ್ಟು! ಅವಸರದಲ್ಲಿ ಅತ್ತೆಯ ಪುಸ್ತಕ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು ಪುಣ್ಯಾತ್ಗಿತ್ತಿ. 'ಒಂಬತ್ತು' ಅಂದುಬಿಟ್ಟರೆ ಮುಗಿಯಿತು. ಪದವಿ, ತರಗತಿ, ಯಾಕಮ್ಮ, ಎಲ್ಲ ಕೈಗೆ ಬಂದ ಹಾಗೆ. ನಾಲಿಗೆಯ ತುದಿಗೂ ಬಂದಿತ್ತು.

"ಅರವತ್ತೊಂಬತ್ತು," ಅಂದಳು. "ನಮ್ಮತ್ತೆ."

ಎಡಗಡೆ ಕೂತವರಿಗೆ ಕುಡಿಯುತ್ತಿದ್ದ ನೀರು ನೆತ್ತಿಗೆ ಹತ್ತಿತು. ಮಿಸ್ ಬೆವರು ಒರೆಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದಾಗಲೇ ಬಾಗಿಲ ಬಳಿ ಏದುಸಿರು ಕೇಳಿಸಿತು. ಎರಡು ಬಸ್ಸು ಬದಲಾಯಿಸಿಕೊಂಡು ಬಂದು, ಕಾಲಿಗೊಂದು ತರಹ ಚಪ್ಪಲಿ ಹಾಕಿಕೊಂಡು, ಅತ್ತೆಯೇ ನಿಂತಿದ್ದರು.

"ಹೊಲಿಗೆ ಮಷಿನ್ ಮೇಲೆ ಬಿಟ್ಟು ಬಂದಿದ್ದೀಯಲ್ಲೇ! ತಗೋ, ಇದು ನಿನ್ನ ಹುಡುಗೀದು."

ದೊಡ್ಡ ಮೇಡಂ ಅತ್ತೆಯನ್ನು ಒಳಗೆ ಕೂರಿಸಿ, ಸರಿಯಾದ ಪುಸ್ತಕ ತೆರೆದರು. ಈ ಸಲ ಗಟ್ಟಿಯಾಗಿ ಓದಲಿಲ್ಲ. ಪ್ರತಿ ಪ್ರಶ್ನೆಯ ಕೆಳಗೂ ನಾಲ್ಕು ಗೆರೆ ತುಂಬಿತ್ತು, ಕೆಂಪು ಶಾಯಿಯಲ್ಲಿ, ಮಿಸ್ಸಿನ ಮುತ್ತಿನಂಥ ಅಕ್ಷರದಲ್ಲಿ. ಖಾಲಿ ಗೆರೆ ಕಂಡರೆ ಅವಳಿಗೆ ಮಾಡದ ಹೋಮ್‌ವರ್ಕ್ ಕಂಡ ಹಾಗೆ. ಪಾಪ ಮಗು, ಉತ್ತರವಿಲ್ಲದೆ ಮನೆಗೆ ಹೋಗಬಾರದು ಅಂತ ಪ್ರೀತಿಯಿಂದಲೇ ಆಗಿಂದಾಗಲೇ ಉತ್ತರ ಹೇಳಿ, ಸಂಜೆ ಕೂತು ಬರೆದಿದ್ದಳು. ಅದು ತಪ್ಪು ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

"ಮೊದಲನೇ ವಾರ ಏಳು ಪ್ರಶ್ನೆ," ಅಂದರು ಮೇಡಂ. "ನೆರಳಿಗೆ ತೂಕ ಇದೆಯಾ ಅಂತ ಕೇಳಿದಾಳೆ. ಕೊನೇ ವಾರ ಒಂದೇ ಒಂದು. ನೀವೇ ಓದಿ."

ಮಿಸ್ ಓದಿದಳು. ತಾನೇ ಬರೆದದ್ದು. ಬರೆಯುವಾಗ ಕಣ್ಣಿಗೆ ಬಿದ್ದಿರಲಿಲ್ಲ.

'ಮಿಸ್, ಇದು ಪರೀಕ್ಷೆಗೆ ಬರುತ್ತಾ?'

ಪುಸ್ತಕ ಮೇಜಿನ ಮೇಲಿಟ್ಟಳು. "ಆ ಹುಡುಗಿ ಹಾಗೆ ಕೇಳೋಳಲ್ಲ ಮೇಡಂ," ಅಂದಳು. "ಹಾಗೆ ಮಾಡಿದ್ದು ನಾನು."

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅತ್ತೆ ಪುಸ್ತಕದಲ್ಲಿ ಸುಮ್ಮನಿರೋಕೆ ಬಂದಿದೆ ನಿಮಗೆ. ಇದರಲ್ಲಿ ಬಂದಿಲ್ಲ. ಮೂರು ತಿಂಗಳು ಬಿಟ್ಟು ಹೊಸ ಪುಸ್ತಕ ತನ್ನಿ, ಪದವಿ ಕೊಟ್ಟೇ ಕೊಡ್ತೀನಿ," ಅಂದರು. ಆದರೆ ತರಗತಿ ತೆರೆಯುವುದು ಮುಂದಿನ ತಿಂಗಳು. ಪದವಿ ಇರುವ ಇನ್ನೊಬ್ಬರನ್ನು ನೇಮಿಸುತ್ತಾರೆ, ಯಾಕಮ್ಮ ಅವರ ಬಳಿ ಹೋಗುತ್ತಾಳೆ. ಮಿಸ್ಸಿಗೆ ಉಳಿದದ್ದು ಇಪ್ಪತ್ತು ದಿನ.

ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತರು. ಸೊಸೆ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುವುದನ್ನು ನೋಡಿಯೂ ನೋಡದ ಹಾಗೆ ಕೇಳಿದರು: "ನಾನು ಬರೋಕೆ ಮುಂಚೆ ಆ ಮೇಡಮ್ಮು ನನ್ನ ಪುಸ್ತಕ ನೋಡಿ ಏನಂದ್ರು?"

"ಹದಿನೈದು ವರ್ಷದಲ್ಲಿ ಇಂಥ ಮಗೂನ ನೋಡಿಲ್ಲ ಅಂದ್ರು ಅತ್ತೆ."

ಅತ್ತೆ ಕಿಟಕಿಯ ಕಡೆ ತಿರುಗಿದರು. ಎರಡು ಸ್ಟಾಪು ದಾಟಿತು. ಅವರ ಕಣ್ಣಲ್ಲಿ ನೀರು ಸೊಸೆ ನೋಡಿದ್ದು ಮಾವ ತೀರಿಕೊಂಡಾಗ ಒಮ್ಮೆ, ಇವತ್ತು ಇನ್ನೊಮ್ಮೆ.

"ನಂಗೆ ಯಾರಾದ್ರೂ ಇದನ್ನ ಹೇಳೋಕೆ ಅರವತ್ತು ವರ್ಷ ತಡ ಆಯ್ತು ಕಣೇ," ಅಂದರು. "ಇಪ್ಪತ್ತು ದಿನ ಏನು ಕಮ್ಮಿ? ಅಳೋದು ಆಮೇಲೆ ಅಳು. ನಾಳೆ ಬೆಳಿಗ್ಗೆ ಆ ಹುಡುಗಿ ಹತ್ರ ಹೋಗು."

ಮಾರನೇ ದಿನ ಮಧ್ಯಾಹ್ನದ ಬಿಡುವಿನಲ್ಲಿ ಮಿಸ್ ಯಾಕಮ್ಮನನ್ನು ಕರೆದು ಹೊಸ ಪುಸ್ತಕ ಮುಂದಿಟ್ಟಳು. ಮೊದಲ ಪುಟದಲ್ಲಿ ಅದೇ ಹಳೆಯ ಏಳು ಪ್ರಶ್ನೆ. ಕೆಳಗೆ ಗೆರೆಗಳೆಲ್ಲ ಖಾಲಿ.

ಹುಡುಗಿ ನೋಡಿ ಮುಖ ಸೊಟ್ಟ ಮಾಡಿದಳು. "ನೆರಳಿಗೆ ತೂಕ ಇಲ್ಲ ಅಂತ ಆಗ್ಲೇ ಹೇಳಿದ್ರಲ್ಲ ಮಿಸ್."

"ಹೇಳಿದ್ದೆ," ಅಂದಳು ಮಿಸ್. "ಆದ್ರೆ ನಾನು ತೂಗಿ ನೋಡಿರಲಿಲ್ಲ ಕಣೇ."

ಹುಡುಗಿ ತಲೆಯೆತ್ತಿ ಮಿಸ್ಸಿನ ಮುಖವನ್ನೇ ನೋಡಿದಳು. ಇದೇನೋ ಪರೀಕ್ಷೆಯ ಕುತಂತ್ರ ಇರಬೇಕು ಅನ್ನುವ ಗುಮಾನಿ. ಮಿಸ್ಸಿನ ನಾಲಿಗೆ ತುದಿಯಲ್ಲಿ ಹತ್ತು ಮಾತು ತುದಿಗಾಲಲ್ಲಿ ನಿಂತಿದ್ದವು. ಹಲ್ಲು ಕಚ್ಚಿ ಒಂದೊಂದನ್ನೇ ನುಂಗಿದಳು. ಹೊರಗೆ ಮಕ್ಕಳ ಗಲಾಟೆ ನಡೆದೇ ಇತ್ತು. ಬಿಡುವು ಮುಗಿದ ಗಂಟೆಯೂ ಹೊಡೆಯಿತು. ಮಿಸ್ ಏಳಲಿಲ್ಲ.

ಯಾಕಮ್ಮ ಕುರ್ಚಿಯನ್ನು ಬರ್ರನೆ ಹತ್ತಿರಕ್ಕೆ ಎಳೆದುಕೊಂಡಳು.

"ತಕ್ಕಡಿ ಎಲ್ಲಿದೆ ಮಿಸ್?"