ಕಿವಿ ಮುಚ್ಚಿಕೊಂಡ ಓಣಿ

ಕೌಲ್ ಬಜಾರಿನ ಸೈಲೆನ್ಸರ್ ಚಿನ್ನಪ್ಪನೆಂದರೆ ಸಿರುಗುಪ್ಪ, ಕುರುಗೋಡಿನ ಟ್ರ್ಯಾಕ್ಟರಿನವರಿಗೂ ಗೊತ್ತು. ಗಾಡಿ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ನಿಂತು, ಹೊಗೆ ಎಲ್ಲಿ ಸೋರುತ್ತಿದೆಯೆಂದು ಕಿವಿಯಿಂದಲೇ ಹೇಳುವವನು. ನಲವತ್ತು ವರ್ಷ ಅನ್ನ ಹಾಕಿದ್ದು ಆ ಕಿವಿ. ಎರಡು ವರ್ಷದಿಂದ ಅದಕ್ಕೆ ಸಣ್ಣ ದನಿ ಕೇಳುತ್ತಿಲ್ಲ. ಇದು ಯಾರಿಗೂ ಗೊತ್ತಿಲ್ಲವೆಂದು ಅವನು ನಂಬಿದ್ದ. ಕಣ್ಣು ಮುಚ್ಚುವುದನ್ನು ಬಿಟ್ಟಿರಲಿಲ್ಲ. ಬೆಸುಗೆಯ ಹತ್ತಿರ ಅಂಗೈ ಆಡಿಸಿ, ಬಿಸಿಗಾಳಿ ತಾಕಿದ ಕಡೆ ಬೆರಳು ತೋರಿಸುತ್ತಿದ್ದ.

ಸಿರುಗುಪ್ಪದ ಅಕ್ಕಿ ಗಿರಣಿಯವರ ಮಗ ಸಮ್ರಾಟ್ ಕಾರು ತಂದ. ತಮಿಳುನಾಡಿನ ಕಡೆ ರೇಸಿನ ಟ್ರ್ಯಾಕ್ ಇದೆಯಂತೆ, ದುಡ್ಡು ಕಟ್ಟಿದರೆ ಒಂದು ದಿನ ಸ್ವಂತ ಕಾರು ಓಡಿಸಬಹುದಂತೆ. ಇಂಜಿನ್ನಿಗೆ ಉಸಿರಾಟ ಸಲೀಸಾಗಲು ದಪ್ಪ ಪೈಪು ಬೇಕು, ಆದರೆ ಸದ್ದು ಮಿತಿ ಮೀರಬಾರದು, ಗೇಟಿನಲ್ಲೇ ಅಳೆಯುತ್ತಾರೆ ಎಂದು ಬಿಡಿಸಿ ಹೇಳಿದ.

ಚಿನ್ನಪ್ಪ ಸ್ಟೀಲ್ ಪೈಪು ಬಗ್ಗಿಸಿ ಜೋಡಿಸಿದ. ಇಪ್ಪತ್ತೆರಡು ವರ್ಷದಿಂದ ಜೊತೆಗಿದ್ದ ಓಬಣ್ಣ, ಸದ್ದು ನುಂಗುವ ಗ್ಲಾಸ್ ವುಲ್ಲನ್ನು ಸೈಲೆನ್ಸರಿನ ಡಬ್ಬಿಯೊಳಗೆ ಸುತ್ತಿ ತುಂಬಿದ. ಚಾಲೂ ಮಾಡಿದಾಗ ಓಬಣ್ಣನ ಹುಬ್ಬು ಗಂಟಿಕ್ಕಿತು.

"ಅಣ್ಣಾ, ಕೀರ್ ಅಂತೈತಿ. ಇನ್ನೊಂದು ಸುತ್ತು ತುಂಬಾನ."

ಚಿನ್ನಪ್ಪ ಅಂಗಡಿಯ ತಗಡಿನ ಬಾಗಿಲಿಗೆ ಅಂಗೈ ಇಟ್ಟ. ಸದ್ದು ಜೋರಿದ್ದರೆ ಅದುರಬೇಕಿದ್ದ ತಗಡು ಅದುರಲಿಲ್ಲ.

"ನನಗ ಸದ್ದು ಕಲಿಸಾಕ ಬಂದೀಯೇನಲೇ? ಸಾಕು, ಮುಚ್ಚು."

ನಾಲ್ಕು ದಿನಕ್ಕೆ ಸಮ್ರಾಟ್ ಮುಖ ಊದಿಸಿಕೊಂಡು ಬಂದ. ಸದ್ದು ಜಾಸ್ತಿಯೆಂದು ಗೇಟಿನಲ್ಲೇ ನಿಲ್ಲಿಸಿದ್ದರು. ಅಷ್ಟು ದೂರ ಹೋಗಿ, ಬೇರೆಯವರ ಕಾರು ಓಡುವುದನ್ನು ಬೇಲಿಯಾಚೆ ನಿಂತು ನೋಡಿ ಬಂದಿದ್ದ. ಒಳಗೆ ವುಲ್ಲು ತುಂಬಿದ್ದು ಯಾರು ಎಂದು ಕೇಳಿದ.

ಚಿನ್ನಪ್ಪ ತನ್ನ ಕೈಬೆರಳು ನೋಡಿಕೊಂಡ. ಒಂದು ಮಾತು ಆಡಿದ್ದರೆ ಸಾಕಿತ್ತು.

ಓಬಣ್ಣ ಒಂದು ಗಳಿಗೆ ಅವನ ಮುಖವನ್ನೇ ನೋಡಿದ. ಆಮೇಲೆ, "ನಾನ ತುಂಬಿದ್ದು. ಕಡಿಮಿ ಆಗೇತಿ" ಅಂದ.

ಇಂಥ ತಾತನ ಕೈಕೆಳಗೆ ಇಷ್ಟು ವರ್ಷ ಇದ್ದು ಏನು ಕಲಿತೆ ಎಂದು ಸಮ್ರಾಟ್ ಜೋರಾಗಿಯೇ ಬೈದ. ಆ ಬೈಗುಳ ಚಿನ್ನಪ್ಪನಿಗೆ ಚೆನ್ನಾಗಿ ಕೇಳಿಸಿತು. ಓಬಣ್ಣ ಕೈ ಒರೆಸಿಕೊಂಡು ಹೋದವನು ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಮೂರನೆಯ ದಿನ ಚಿನ್ನಪ್ಪ ಸಮ್ರಾಟನಿಗೆ ಫೋನು ಮಾಡಿಸಿ, ಓಬಣ್ಣನ ಊರು ಕುರುಗೋಡಿಗೆ ಕರೆದೊಯ್ಯಲು ಕೇಳಿದ. ಬೈಯಲು ಹೋಗುತ್ತಿದ್ದಾನೆಂದೇ ಹುಡುಗ ತಿಳಿದ.

ಓಬಣ್ಣನ ಓಣಿಯೊಳಗೆ ತಿರುಗಿದಾಗಲೂ ಕಾರು ಚಿನ್ನಪ್ಪನಿಗೆ ಮೆತ್ತಗೆ ಗುರುಗುಟ್ಟುತ್ತಿತ್ತು, ಅಷ್ಟೆ. ನಲ್ಲಿಯ ಹತ್ತಿರ ಹೆಂಗಸೊಬ್ಬಳು ಕೊಡ ಕೆಳಗಿಟ್ಟು ಎರಡೂ ಕಿವಿ ಮುಚ್ಚಿಕೊಂಡಳು. ಪಕ್ಕದವಳೂ ಮುಚ್ಚಿಕೊಂಡಳು. ಕಂಕುಳ ಕೂಸು ತಾಯಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿತು. ಕಟ್ಟೆಯ ಮುದುಕನೊಬ್ಬನ ಬಾಯಿ ಬೈಯುತ್ತಿರುವುದು ಕಾಣುತ್ತಿತ್ತು. ಒಂದು ಮಾತೂ ಇವನನ್ನು ಮುಟ್ಟಲಿಲ್ಲ. ಚಿನ್ನಪ್ಪ ಸೀಟಿನಲ್ಲಿ ಕುಗ್ಗಿ ಕೂತ.

ಓಬಣ್ಣ ಮನೆಯ ಮುಂದೆಯೇ ಇದ್ದ. ಕೂಡ್ರು ಎಂದರೂ ಚಿನ್ನಪ್ಪ ಕೂರಲಿಲ್ಲ. ಸಮ್ರಾಟನ ಕಡೆ ತಿರುಗಿದ.

"ಇವನ ತಪ್ಪಿಲ್ಲಪ್ಪಾ. ಇನ್ನಷ್ಟು ತುಂಬಾನ ಅಂದ. ನಾನ ಬ್ಯಾಡಂದೆ. ನನಗ ಕಿವಿ ಕೇಳಂಗಿಲ್ಲ."

ಸಮ್ರಾಟ್ ಎತ್ತ ನೋಡಬೇಕೋ ತಿಳಿಯದೆ ಕಾರಿನ ಕೀಲಿ ತಿರುವುತ್ತ ನಿಂತ.

"ಗೊತ್ತೈತಣ್ಣಾ," ಅಂದ ಓಬಣ್ಣ. "ರಾರಾವಿ ಟ್ರ್ಯಾಕ್ಟರ್ ಬಂದಾಗಿಂದ ಗೊತ್ತೈತಿ."

ಆ ಟ್ರ್ಯಾಕ್ಟರಿನ ಸೋರಿಕೆ ಚಿನ್ನಪ್ಪನಿಗೆ ಸಿಕ್ಕಿರಲಿಲ್ಲ. ಓಬಣ್ಣ ಭಾನುವಾರ ಬಸ್ಸು ಹಿಡಿದು ರಾರಾವಿಗೆ ಹೋಗಿ ಬೆಸೆದು ಬಂದಿದ್ದನಂತೆ. ಆಮೇಲೆ ಇನ್ನೂ ಎಷ್ಟೋ ಗಾಡಿ. ಎರಡು ವರ್ಷ ತಾನು ಬಚ್ಚಿಟ್ಟೆನೆಂದುಕೊಂಡಿದ್ದನ್ನು ಇವನು ಬಚ್ಚಿಟ್ಟಿದ್ದ. ಚಿನ್ನಪ್ಪನ ತಲೆ ಇನ್ನೂ ಕೆಳಗಾಯಿತು.

"ಮತ್ಯಾಕ ಬರಲಿಲ್ಲೋ ಕೆಲಸಕ್ಕ?"

"ಕಿವಿ ಕೇಳದ್ದಕ್ಕಲ್ಲ. ಅವತ್ತು ನೀನು ಸುಮ್ಮನಿದ್ದೆಲ್ಲ, ಅದು ತಡಕೊಳ್ಳಾಕ ಆಗಲಿಲ್ಲ."

"ನಾಳಿ ಬಾರೋ. ಡಬ್ಬಿ ಬಿಚ್ಚಾನ" ಅಂದ ಚಿನ್ನಪ್ಪ.

ಮರುದಿನ ಓಬಣ್ಣ ಬಂದ. ಸಮ್ರಾಟ್ ತಂದ ಕಾರಿನ ಡಬ್ಬಿ ಬಿಚ್ಚಿ ಇನ್ನೊಂದು ಸುತ್ತು ತುಂಬಿ, ಕಾರು ಚಾಲೂ ಮಾಡಿದರು. ಅಂಗಡಿಯ ಮುಂದೆ ಸಿರುಗುಪ್ಪದ ಟ್ರ್ಯಾಕ್ಟರಿನವರಿಬ್ಬರು ನೋಡುತ್ತ ನಿಂತಿದ್ದರು. ತಗಡಿನ ಕಡೆ ಹೋದ ಕೈಯನ್ನು ಚಿನ್ನಪ್ಪ ಹಿಂದಕ್ಕೆ ಕಟ್ಟಿಕೊಂಡ. ಎಲ್ಲರೆದುರಿಗೆ, "ನೀನ ಹೇಳಪ್ಪಾ, ಸಾಕೇನು?" ಅಂದ.

ಓಬಣ್ಣ ಇನ್ನೂ ಬೇಕೆಂದು ತಲೆಯಾಡಿಸಿದ. ಚಿನ್ನಪ್ಪ ಕಣ್ಣು ಮುಚ್ಚಲಿಲ್ಲ. ಸ್ಪ್ಯಾನರ್ ಎತ್ತಿ ಅವನ ಕೈಗೆ ಕೊಟ್ಟ.